ಜೊಯಿಡಾ, ದಾಂಡೇಲಿ, ಹಳಿಯಾಳ ಮತ್ತು ಮುಂಡಗೋಡ ತಾಲೂಕುಗಳ ವಿದ್ಯಾರ್ಥಿಗಳಿಗೆ ಉನ್ನತ ಶಿಕ್ಷಣ: ಕಾಲೇಜುಗಳು, ವಿಶ್ವವಿದ್ಯಾಲಯಗಳು ಹಾಗೂ ಅರ್ಜಿ ಸಲ್ಲಿಸುವ ವಿಧಾನ

1. ಪೀಠಿಕೆ

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಜೊಯಿಡಾ, ದಾಂಡೇಲಿ, ಹಳಿಯಾಳ ಮತ್ತು ಮುಂಡಗೋಡ ತಾಲೂಕುಗಳಲ್ಲಿ ಎಸ್.ಎಸ್.ಎಲ್.ಸಿ. ಅಥವಾ ದ್ವಿತೀಯ ಪಿ.ಯು.ಸಿ. ತೇರ್ಗಡೆಯಾದ ವಿದ್ಯಾರ್ಥಿಗಳು ಮತ್ತು ಅವರ ಪೋಷಕರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಈ ಭಾಗಕ್ಕೆ ಸೇವೆ ಸಲ್ಲಿಸುವ ಕಾಲೇಜುಗಳು ಯಾವುವು, ಅವು ಯಾವ ವಿಶ್ವವಿದ್ಯಾಲಯಕ್ಕೆ ಸಂಯೋಜನೆಗೊಂಡಿವೆ, ಯಾವ ಅರ್ಜಿಯನ್ನು ಯಾವ ಕಚೇರಿಗೆ ಸಲ್ಲಿಸಬೇಕು ಎಂಬುದನ್ನು ಇಲ್ಲಿ ಕ್ರಮವಾಗಿ ವಿವರಿಸಲಾಗಿದೆ.

ಸಾರ್ವಜನಿಕರು ಮೊದಲಿಗೆ ಒಂದು ಅಂಶವನ್ನು ಗಮನಿಸತಕ್ಕದ್ದು. ಉತ್ತರ ಕನ್ನಡ ಜಿಲ್ಲೆಯಲ್ಲಿ ಯಾವುದೇ ವಿಶ್ವವಿದ್ಯಾಲಯದ ಕೇಂದ್ರಸ್ಥಾನ ಇರುವುದಿಲ್ಲ. ಜಿಲ್ಲಾ ಕೇಂದ್ರವಾದ ಕಾರವಾರವು ಘಟ್ಟದ ಕೆಳಗಿದ್ದು, ಈ ನಾಲ್ಕು ತಾಲೂಕುಗಳ ಪ್ರೌಢಶಾಲೆಗಳು ಶಿರಸಿ ಶೈಕ್ಷಣಿಕ ಜಿಲ್ಲೆಯ ವ್ಯಾಪ್ತಿಗೆ ಬರುತ್ತವೆ. ಪದವಿ ಕಾಲೇಜುಗಳು ಧಾರವಾಡದ ವಿಶ್ವವಿದ್ಯಾಲಯಕ್ಕೂ, ಎಂಜಿನಿಯರಿಂಗ್ ಕಾಲೇಜುಗಳು ಬೆಳಗಾವಿಯ ವಿಶ್ವವಿದ್ಯಾಲಯಕ್ಕೂ, ವೈದ್ಯಕೀಯ ಮತ್ತು ನರ್ಸಿಂಗ್ ಕಾಲೇಜುಗಳು ಬೆಂಗಳೂರಿನ ವಿಶ್ವವಿದ್ಯಾಲಯಕ್ಕೂ ಸೇರಿವೆ. ಹೀಗೆ ಒಬ್ಬನೇ ವಿದ್ಯಾರ್ಥಿಯ ಕಾಗದಪತ್ರಗಳು ನಾಲ್ಕು ದಿಕ್ಕಿನ ಕಚೇರಿಗಳಿಗೆ ಸಂಬಂಧಪಟ್ಟಿರುತ್ತವೆ. ಯಾವ ಕೆಲಸ ಯಾವ ಕಚೇರಿಯದು ಎಂಬುದನ್ನು ಮುಂಚಿತವಾಗಿ ತಿಳಿಯದೆ ಒಂದು ದಿನದ ಕೂಲಿಯನ್ನೂ ಬಸ್ ವೆಚ್ಚವನ್ನೂ ಕಳೆದುಕೊಳ್ಳುವುದು, ಕೆಲವೊಮ್ಮೆ ಕೊನೆಯ ದಿನಾಂಕ ಮೀರಿ ಒಂದು ವರ್ಷದ ವಿದ್ಯಾಭ್ಯಾಸವನ್ನೇ ಕಳೆದುಕೊಳ್ಳುವುದು ಸಂಭವಿಸಬಹುದು. ಇದನ್ನು ತಪ್ಪಿಸುವುದೇ ಈ ಮಾಹಿತಿಯ ಮುಖ್ಯ ಉದ್ದೇಶ.

2. ಪ್ರದೇಶದ ಹಿನ್ನೆಲೆ

ಜೊಯಿಡಾ ತಾಲೂಕಿಗೆ ಹಿಂದೆ ಸೂಪಾ ತಾಲೂಕು ಎಂಬ ಹೆಸರಿತ್ತು. ಕಾಳಿ ನದಿಗೆ ಕಟ್ಟಲಾದ ಸೂಪಾ ಅಣೆಕಟ್ಟಿನ ಹಿನ್ನೀರಿನಲ್ಲಿ ಸೂಪಾ ಪಟ್ಟಣವು ಮುಳುಗಡೆಯಾದ ಕಾರಣ ತಾಲೂಕು ಕೇಂದ್ರವು ಜೊಯಿಡಾಕ್ಕೆ ಸ್ಥಳಾಂತರಗೊಂಡಿತು. ತಾಲೂಕಿನ ಹೆಚ್ಚಿನ ಭಾಗ ಅರಣ್ಯವಾಗಿದೆ. 2007ರಲ್ಲಿ ಘೋಷಿತವಾದ ದಾಂಡೇಲಿ–ಅಣಶಿ ಹುಲಿ ಸಂರಕ್ಷಿತ ಪ್ರದೇಶವನ್ನು 2015ರಲ್ಲಿ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಎಂದು ಮರುನಾಮಕರಣ ಮಾಡಲಾಯಿತು. ಜನವಸತಿ ವಿರಳವಾಗಿದ್ದು, ಹಳ್ಳಿಗಳು ಪರಸ್ಪರ ದೂರದಲ್ಲಿವೆ. ಮಳೆಗಾಲದಲ್ಲಿ ಸಂಚಾರ, ವಿದ್ಯುತ್ ಮತ್ತು ದೂರವಾಣಿ ಸಂಪರ್ಕಗಳಿಗೆ ಅಡಚಣೆ ಉಂಟಾಗುವುದು ಸಾಮಾನ್ಯ.

ದಾಂಡೇಲಿಯು ಕಾಗದದ ಕಾರ್ಖಾನೆಯ ಸ್ಥಾಪನೆಯೊಂದಿಗೆ 1950ರ ದಶಕದಿಂದ ಬೆಳೆದ ಕೈಗಾರಿಕಾ ನಗರ. ಹಿಂದೆ ಹಳಿಯಾಳ ತಾಲೂಕಿಗೆ ಸೇರಿದ್ದ ಈ ನಗರವು ಈಗ ಪ್ರತ್ಯೇಕ ತಾಲೂಕು ಕೇಂದ್ರವಾಗಿದೆ. ಹಳಿಯಾಳವು ಧಾರವಾಡಕ್ಕೂ, ಮುಂಡಗೋಡವು ಹುಬ್ಬಳ್ಳಿಗೂ ಸಮೀಪದಲ್ಲಿವೆ. ಜೊಯಿಡಾ ತಾಲೂಕಿನ ರಾಮನಗರ ಭಾಗದವರಿಗೆ ಬೆಳಗಾವಿ ಮತ್ತು ಗೋವಾ ರಾಜ್ಯದ ಊರುಗಳು ಹತ್ತಿರವಾಗುತ್ತವೆ. ಆದ್ದರಿಂದ ಈ ಭಾಗದ ವಿದ್ಯಾರ್ಥಿಗಳು ಉನ್ನತ ಶಿಕ್ಷಣಕ್ಕಾಗಿ ಜಿಲ್ಲಾ ಕೇಂದ್ರಕ್ಕಿಂತ ಹೆಚ್ಚಾಗಿ ಪೂರ್ವ ಮತ್ತು ಉತ್ತರ ದಿಕ್ಕಿನ ನಗರಗಳನ್ನು ಅವಲಂಬಿಸಿದ್ದಾರೆ.

3. ವಿಶ್ವವಿದ್ಯಾಲಯಗಳು ಮತ್ತು ಅವುಗಳ ವ್ಯಾಪ್ತಿ

(ಅ) ಕರ್ನಾಟಕ ವಿಶ್ವವಿದ್ಯಾಲಯ, ಧಾರವಾಡ: ಅಂದಿನ ಮುಂಬಯಿ ಪ್ರಾಂತ್ಯದ ಕನ್ನಡ ಭಾಗಗಳಿಗಾಗಿ 1949ರಲ್ಲಿ ಸ್ಥಾಪನೆಯಾಯಿತು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಮತ್ತು 2010ರಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಪ್ರತ್ಯೇಕಗೊಂಡ ನಂತರವೂ ಉತ್ತರ ಕನ್ನಡ ಜಿಲ್ಲೆಯು ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿಯೇ ಮುಂದುವರಿದಿದೆ. ಈ ನಾಲ್ಕು ತಾಲೂಕುಗಳ ಕಲಾ, ವಾಣಿಜ್ಯ ಮತ್ತು ವಿಜ್ಞಾನ ಪದವಿ ಕಾಲೇಜುಗಳು ಇದಕ್ಕೆ ಸಂಯೋಜನೆಗೊಂಡಿವೆ. ಕಾರವಾರದಲ್ಲಿ ಇದರ ಸ್ನಾತಕೋತ್ತರ ಕೇಂದ್ರವಿದ್ದು, ಕಡಲ ಜೀವವಿಜ್ಞಾನದ ಅಧ್ಯಯನಕ್ಕೆ ಹೆಸರಾಗಿದೆ.

(ಆ) ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಬೆಳಗಾವಿ: 1998ರಲ್ಲಿ ಸ್ಥಾಪನೆಯಾಯಿತು. ಹಳಿಯಾಳ, ಕಾರವಾರ ಮತ್ತು ಭಟ್ಕಳದ ಎಂಜಿನಿಯರಿಂಗ್ ಕಾಲೇಜುಗಳು ಇದರ ವ್ಯಾಪ್ತಿಗೆ ಬರುತ್ತವೆ.

(ಇ) ಕೃಷಿ ವಿಶ್ವವಿದ್ಯಾಲಯ, ಧಾರವಾಡ: 1986ರಲ್ಲಿ ಸ್ಥಾಪನೆಯಾಯಿತು. ಶಿರಸಿಯ ಅರಣ್ಯ ಮಹಾವಿದ್ಯಾಲಯವು ಇದರ ಅಂಗಸಂಸ್ಥೆ. ಅರಣ್ಯದ ನಡುವೆಯೇ ಹುಟ್ಟಿ ಬೆಳೆದ ಜೊಯಿಡಾ ಭಾಗದ ವಿಜ್ಞಾನ ವಿದ್ಯಾರ್ಥಿಗಳು ಅರಣ್ಯಶಾಸ್ತ್ರ ಪದವಿಯನ್ನು ವಿಶೇಷವಾಗಿ ಪರಿಶೀಲಿಸಬಹುದಾಗಿದೆ.

(ಈ) ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ, ಬೆಂಗಳೂರು: 1996ರಲ್ಲಿ ಸ್ಥಾಪನೆಯಾಯಿತು. ವೈದ್ಯಕೀಯ, ದಂತ ವೈದ್ಯಕೀಯ, ಆಯುರ್ವೇದ, ನರ್ಸಿಂಗ್ ಮತ್ತು ಔಷಧ ವಿಜ್ಞಾನ ಕಾಲೇಜುಗಳು ಇದರ ವ್ಯಾಪ್ತಿಯಲ್ಲಿವೆ. ಕಾರವಾರ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯು 2016ರಲ್ಲಿ ತನ್ನ ಮೊದಲ ತಂಡದ ವಿದ್ಯಾರ್ಥಿಗಳನ್ನು ಪಡೆಯಿತು. ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು 1957ರಿಂದ ಕಾರ್ಯನಿರ್ವಹಿಸುತ್ತಿದೆ.

(ಉ) ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ, ಹುಬ್ಬಳ್ಳಿ: 2009ರಲ್ಲಿ ಸ್ಥಾಪನೆಯಾಗಿ ರಾಜ್ಯದ ಕಾನೂನು ಕಾಲೇಜುಗಳನ್ನು ಒಳಗೊಂಡಿದೆ.

(ಊ) ಕರ್ನಾಟಕ ಜಾನಪದ ವಿಶ್ವವಿದ್ಯಾಲಯ, ಗೊಟಗೋಡಿ: ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲೂಕಿನಲ್ಲಿ 2011ರಲ್ಲಿ ಆರಂಭವಾಯಿತು. ಶಿಗ್ಗಾಂವಿಯು ಮುಂಡಗೋಡಕ್ಕೆ ಹೊಂದಿಕೊಂಡ ತಾಲೂಕಾಗಿದೆ.

(ಋ) ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ, ಮೈಸೂರು: 1996ರಲ್ಲಿ ಸ್ಥಾಪನೆಯಾಯಿತು. ದುಡಿಮೆಯ ಕಾರಣದಿಂದ ಪ್ರತಿದಿನ ಕಾಲೇಜಿಗೆ ಹೋಗಲಾಗದವರು ದೂರಶಿಕ್ಷಣದ ಮೂಲಕ ಪದವಿ ಪಡೆಯಬಹುದು. ಕೋರ್ಸಿಗೆ ಸೇರುವ ಮುನ್ನ ಆ ಕೋರ್ಸಿಗೆ ವಿಶ್ವವಿದ್ಯಾಲಯ ಅನುದಾನ ಆಯೋಗದ ಮಾನ್ಯತೆ ಇರುವುದನ್ನು ಖಚಿತಪಡಿಸಿಕೊಳ್ಳತಕ್ಕದ್ದು.

ಇವುಗಳಲ್ಲದೆ ಧಾರವಾಡದಲ್ಲಿ ಭಾರತೀಯ ತಂತ್ರಜ್ಞಾನ ಸಂಸ್ಥೆಯು 2016ರಿಂದ ಕಾರ್ಯನಿರ್ವಹಿಸುತ್ತಿದೆ. ಅಲ್ಲಿಯ ಪ್ರವೇಶಕ್ಕೆ ರಾಷ್ಟ್ರಮಟ್ಟದ ಪ್ರತ್ಯೇಕ ಪರೀಕ್ಷೆ ಇರುತ್ತದೆ.

4. ತಾಲೂಕುವಾರು ಪ್ರಮುಖ ಸಂಸ್ಥೆಗಳು

ಜೊಯಿಡಾ: ಸರ್ಕಾರಿ ಪ್ರಥಮ ದರ್ಜೆ ಕಾಲೇಜು ಮತ್ತು ಸರ್ಕಾರಿ ಪಾಲಿಟೆಕ್ನಿಕ್. ತಾಲೂಕಿನೊಳಗೆ ಪದವಿ ಮತ್ತು ಡಿಪ್ಲೊಮಾ ಎರಡೂ ದೊರೆಯುವುದರಿಂದ, ಹೊರ ಊರಿನಲ್ಲಿ ವಾಸ್ತವ್ಯ ಮಾಡಲಾಗದ ವಿದ್ಯಾರ್ಥಿಗಳಿಗೆ, ವಿಶೇಷವಾಗಿ ವಿದ್ಯಾರ್ಥಿನಿಯರಿಗೆ, ಇವು ಮೊದಲ ಆಸರೆಯಾಗಿವೆ.

ದಾಂಡೇಲಿ: ಬಂಗೂರನಗರ ಕಲಾ, ವಿಜ್ಞಾನ ಮತ್ತು ವಾಣಿಜ್ಯ ಕಾಲೇಜು, ಸರ್ಕಾರಿ ಪ್ರಥಮ ದರ್ಜೆ ಕಾಲೇಜು, ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ. ಕಾರ್ಖಾನೆ ಕೆಲಸಕ್ಕೆ ಬೇಕಾದ ಕೌಶಲವನ್ನು ಎಸ್.ಎಸ್.ಎಲ್.ಸಿ. ನಂತರವೇ ಪಡೆಯಲು ಇಚ್ಛಿಸುವವರಿಗೆ ತರಬೇತಿ ಕೇಂದ್ರವು ಉಪಯುಕ್ತ.

ಹಳಿಯಾಳ: ಸರ್ಕಾರಿ ಪ್ರಥಮ ದರ್ಜೆ ಕಾಲೇಜು, ಬೆಳಗಾವಿಯ ಕರ್ನಾಟಕ ಲಾ ಸೊಸೈಟಿಯು 2004ರಲ್ಲಿ ಆರಂಭಿಸಿದ ವಿಶ್ವನಾಥರಾವ್ ದೇಶಪಾಂಡೆ ತಾಂತ್ರಿಕ ಮಹಾವಿದ್ಯಾಲಯ. ಜೊಯಿಡಾ, ದಾಂಡೇಲಿ ಮತ್ತು ಹಳಿಯಾಳ ತಾಲೂಕುಗಳ ವಿದ್ಯಾರ್ಥಿಗಳಿಗೆ ಇದು ಸಮೀಪದ ಎಂಜಿನಿಯರಿಂಗ್ ಕಾಲೇಜು. ಸ್ವ ಉದ್ಯೋಗ ಕೈಗೊಳ್ಳುವ ಗ್ರಾಮೀಣ ಯುವಜನರಿಗೆ ಕೆನರಾ ಬ್ಯಾಂಕ್ ದೇಶಪಾಂಡೆ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಯೂ ಹಳಿಯಾಳದಲ್ಲಿದೆ.

ಮುಂಡಗೋಡ: ಸರ್ಕಾರಿ ಪ್ರಥಮ ದರ್ಜೆ ಕಾಲೇಜು ಮತ್ತು ಸರ್ಕಾರಿ ಪಾಲಿಟೆಕ್ನಿಕ್. 1966ರಲ್ಲಿ ನೆಲೆಗೊಂಡ ಟಿಬೆಟನ್ ವಸಾಹತಿನಲ್ಲಿರುವ ಗಾಂದೆನ್ ಮತ್ತು ದ್ರೆಪುಂಗ್ ವಿಹಾರಗಳು ಬೌದ್ಧ ಶಾಸ್ತ್ರಾಧ್ಯಯನದ ದೊಡ್ಡ ಕೇಂದ್ರಗಳಾಗಿವೆ. ಅವು ತಮ್ಮದೇ ಪರಂಪರೆಯ ಪದವಿ ನೀಡುತ್ತವೆ. ಕರ್ನಾಟಕ ವಿಶ್ವವಿದ್ಯಾಲಯದ ಸಂಯೋಜಿತ ಕಾಲೇಜುಗಳಲ್ಲ.

ಜಿಲ್ಲೆಯ ಇತರೆಡೆ: ಕಾರವಾರದ ಸರ್ಕಾರಿ ಕಲಾ ಮತ್ತು ವಿಜ್ಞಾನ ಕಾಲೇಜು ಹಾಗೂ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು, ಕುಮಟಾದ ಡಾ. ಎ.ವಿ. ಬಾಳಿಗಾ ಕಾಲೇಜು, ಶಿರಸಿಯ ಎಂ.ಎಂ. ಕಲಾ ಮತ್ತು ವಿಜ್ಞಾನ ಕಾಲೇಜು, ದಿನಕರ ದೇಸಾಯಿಯವರು ಸ್ಥಾಪಿಸಿದ ಕೆನರಾ ವೆಲ್ಫೇರ್ ಟ್ರಸ್ಟ್ ನಡೆಸುವ ಅಂಕೋಲಾದ ಗೋಖಲೆ ಸೆಂಟಿನರಿ ಕಾಲೇಜು ಇವು ಪ್ರಮುಖವಾದವು. ಧಾರವಾಡದ ಕರ್ನಾಟಕ ಕಾಲೇಜು 1917ರಲ್ಲಿ ಆರಂಭವಾಗಿದ್ದು, ಹಳಿಯಾಳ ಮತ್ತು ದಾಂಡೇಲಿಯ ಅನೇಕ ವಿದ್ಯಾರ್ಥಿಗಳು ಧಾರವಾಡದಲ್ಲಿಯೇ ವ್ಯಾಸಂಗ ಮಾಡುತ್ತಾರೆ.

5. ಪ್ರವೇಶ ಪಡೆಯುವ ವಿಧಾನ

(ಅ) ಸಾಮಾನ್ಯ ಪದವಿ (ಬಿ.ಎ., ಬಿ.ಕಾಂ., ಬಿ.ಎಸ್‌ಸಿ. ಇತ್ಯಾದಿ): 2021-22ನೇ ಸಾಲಿನಲ್ಲಿ ಜಾರಿಗೆ ಬಂದ ಏಕೀಕೃತ ವಿಶ್ವವಿದ್ಯಾಲಯ ಮತ್ತು ಕಾಲೇಜು ನಿರ್ವಹಣಾ ವ್ಯವಸ್ಥೆಯಲ್ಲಿ ಹೆಸರು ನೋಂದಾಯಿಸಿ, ಕಾಲೇಜನ್ನು ಆಯ್ಕೆ ಮಾಡಿಕೊಂಡು, ಮೂಲ ದಾಖಲೆಗಳೊಂದಿಗೆ ಪ್ರಾಂಶುಪಾಲರ ಮುಂದೆ ಹಾಜರಾಗಬೇಕು. ಸ್ವತಃ ನೋಂದಾಯಿಸಲು ಸಾಧ್ಯವಾಗದವರು ತಾವು ಸೇರಬಯಸುವ ಸರ್ಕಾರಿ ಕಾಲೇಜಿನ ಪ್ರವೇಶ ಸಮಿತಿಯ ನೆರವು ಕೋರಬಹುದು. 2021-22ರಿಂದ ನಾಲ್ಕು ವರ್ಷದ ಪಠ್ಯಕ್ರಮವಿತ್ತು. ರಾಜ್ಯ ಸರ್ಕಾರದ 2024ರ ಮೇ ತಿಂಗಳ ಆದೇಶದಂತೆ 2024-25ನೇ ಸಾಲಿನಿಂದ ಸೇರಿದವರಿಗೆ ಪದವಿಯ ಅವಧಿ ಮೂರು ವರ್ಷ.

(ಆ) ಎಂಜಿನಿಯರಿಂಗ್, ಕೃಷಿ, ಅರಣ್ಯಶಾಸ್ತ್ರ ಮತ್ತು ಔಷಧ ವಿಜ್ಞಾನ: ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಸಾಮಾನ್ಯ ಪ್ರವೇಶ ಪರೀಕ್ಷೆ ಬರೆಯಬೇಕು. ಪಿ.ಯು.ಸಿ. ಫಲಿತಾಂಶಕ್ಕಾಗಿ ಕಾಯದೆ, ಅದಕ್ಕೂ ಬಹಳ ಮುಂಚೆಯೇ ಇದಕ್ಕೆ ಅರ್ಜಿ ಸಲ್ಲಿಸಬೇಕಾಗುತ್ತದೆ. ಕೃಷಿ ಮತ್ತು ಅರಣ್ಯಶಾಸ್ತ್ರ ಕೋರ್ಸುಗಳಲ್ಲಿ ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಮೀಸಲಾತಿ ಇರುವುದರಿಂದ ಜಮೀನಿನ ದಾಖಲೆಗಳನ್ನು ಸಿದ್ಧವಾಗಿಟ್ಟುಕೊಳ್ಳುವುದು.

(ಇ) ವೈದ್ಯಕೀಯ: ರಾಷ್ಟ್ರೀಯ ಅರ್ಹತಾ ಪ್ರವೇಶ ಪರೀಕ್ಷೆ (ನೀಟ್) ಕಡ್ಡಾಯ. ಬಳಿಕ ರಾಜ್ಯದ ಸೀಟುಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದಲ್ಲಿಯೂ ನೋಂದಣಿ ಮಾಡಿಸತಕ್ಕದ್ದು. ನೀಟ್ ಬರೆದ ಮಾತ್ರಕ್ಕೆ ರಾಜ್ಯದ ಸೀಟು ಹಂಚಿಕೆಗೆ ಪರಿಗಣಿಸಲಾಗುವುದಿಲ್ಲ.

(ಈ) ಡಿಪ್ಲೊಮಾ: ಎಸ್.ಎಸ್.ಎಲ್.ಸಿ. ತೇರ್ಗಡೆಯಾದವರು ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಡಿಪ್ಲೊಮಾಕ್ಕೆ ಅರ್ಜಿ ಸಲ್ಲಿಸಬಹುದು. ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಪರೀಕ್ಷೆಯ ಮೂಲಕ ನೇರವಾಗಿ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರಲು ಅವಕಾಶವಿದೆ. ಜೊಯಿಡಾದ ಪಾಲಿಟೆಕ್ನಿಕ್‌ನಲ್ಲಿ ಆರಂಭಿಸಿ ಹಳಿಯಾಳದಲ್ಲಿ ಎಂಜಿನಿಯರ್ ಆಗಿ ಹೊರಬರುವ ಈ ದಾರಿಯಲ್ಲಿ ವಿದ್ಯಾರ್ಥಿಯು ಮೂರು ವರ್ಷ ಮನೆಗೆ ಹತ್ತಿರದಲ್ಲಿಯೇ ಓದಬಹುದು ಎಂಬುದನ್ನು ಪೋಷಕರು ಗಮನಿಸಬಹುದು.

6. ಅಗತ್ಯ ಪ್ರಮಾಣಪತ್ರಗಳು

ಪ್ರವೇಶದ ಸಮಯದಲ್ಲಿ ಅಂಕಗಳಷ್ಟೇ ಮುಖ್ಯವಾದುದು ಪ್ರಮಾಣಪತ್ರ. ಅರ್ಹತೆ ಇದ್ದರೂ ನಿಗದಿತ ನಮೂನೆಯ ಪತ್ರವಿಲ್ಲದಿದ್ದರೆ ಮೀಸಲಾತಿ ದೊರೆಯುವುದಿಲ್ಲ.

(ಅ) ಜಾತಿ ಮತ್ತು ಆದಾಯ ಪ್ರಮಾಣಪತ್ರ: ತಹಶೀಲ್ದಾರರಿಂದ ನೀಡಲ್ಪಡುತ್ತದೆ. ಅರ್ಜಿಯನ್ನು ನಾಡಕಚೇರಿ ಅಥವಾ ಗ್ರಾಮ ಒನ್ ಕೇಂದ್ರದಲ್ಲಿ ಸಲ್ಲಿಸಬಹುದು. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ನಮೂನೆ ‘ಡಿ’, ಪ್ರವರ್ಗ-1ಕ್ಕೆ ನಮೂನೆ ‘ಇ’, ಇತರ ಹಿಂದುಳಿದ ವರ್ಗದವರಿಗೆ ನಮೂನೆ ‘ಎಫ್’ ಅನ್ವಯಿಸುತ್ತದೆ. ಪತ್ರದ ಮೇಲಿರುವ ಆರ್.ಡಿ. ಸಂಖ್ಯೆಯನ್ನು ಪ್ರವೇಶ ಮತ್ತು ವಿದ್ಯಾರ್ಥಿವೇತನ ಅರ್ಜಿಗಳಲ್ಲಿ ನಮೂದಿಸಬೇಕಾಗುತ್ತದೆ. ಉತ್ತರ ಕನ್ನಡ ಜಿಲ್ಲೆಯ ಸಿದ್ದಿ ಸಮುದಾಯವು 2003ರಿಂದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿದ್ದು, ಅವರು ನಮೂನೆ ‘ಡಿ’ ಪಡೆಯತಕ್ಕದ್ದು. ಕುಣಬಿ, ಗೌಳಿ ಹಾಗೂ ಇತರ ಸಮುದಾಯದವರು ಅರ್ಜಿ ಸಲ್ಲಿಸುವ ದಿನದಂದು ಜಾರಿಯಲ್ಲಿರುವ ಪಟ್ಟಿಯಂತೆ ತಮ್ಮ ಪ್ರವರ್ಗವನ್ನು ತಹಶೀಲ್ದಾರರ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳುವುದು.

(ಆ) ಗ್ರಾಮೀಣ ವ್ಯಾಸಂಗ ಪ್ರಮಾಣಪತ್ರ: ಸಾಮಾನ್ಯ ಪ್ರವೇಶ ಪರೀಕ್ಷೆಯ ಮೂಲಕ ತುಂಬುವ ಸರ್ಕಾರಿ ಸೀಟುಗಳಲ್ಲಿ ಶೇ. 15ರಷ್ಟು ಗ್ರಾಮೀಣ ಅಭ್ಯರ್ಥಿಗಳಿಗೆ ಮೀಸಲು. 1ರಿಂದ 10ನೇ ತರಗತಿಯವರೆಗೆ ಪೂರ್ಣ ಹತ್ತು ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರಬೇಕು. ದಾಂಡೇಲಿ ನಗರಸಭೆ, ಹಳಿಯಾಳ ಪುರಸಭೆ ಮತ್ತು ಮುಂಡಗೋಡ ಪಟ್ಟಣ ಪಂಚಾಯಿತಿ ವ್ಯಾಪ್ತಿಯ ಶಾಲೆಗಳಲ್ಲಿ ಕಳೆದ ವರ್ಷಗಳು ಗ್ರಾಮೀಣ ವ್ಯಾಸಂಗವೆಂದು ಪರಿಗಣಿತವಾಗುವುದಿಲ್ಲ. ಏಳನೇ ತರಗತಿಯವರೆಗೆ ಹಳ್ಳಿಯಲ್ಲಿ ಓದಿದ ಮಗುವನ್ನು ಪ್ರೌಢಶಾಲೆಗೆ ನಗರಕ್ಕೆ ಸೇರಿಸಿದರೆ ಈ ಸೌಲಭ್ಯ ಕೈತಪ್ಪುತ್ತದೆ ಎಂಬುದನ್ನು ಪೋಷಕರು ಎಂಟನೇ ತರಗತಿಯ ಪ್ರವೇಶಕ್ಕೆ ಮೊದಲೇ ಅರಿತಿರಬೇಕು.

(ಇ) ಕನ್ನಡ ಮಾಧ್ಯಮ ಪ್ರಮಾಣಪತ್ರ: 1ರಿಂದ 10ನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5ರಷ್ಟು ಮೀಸಲಾತಿ ಇದೆ. ಗಡಿಭಾಗದ ಮರಾಠಿ ಮಾಧ್ಯಮ ಶಾಲೆಗಳಲ್ಲಿ ಓದಿದವರಿಗೆ ಇದು ಅನ್ವಯಿಸದು. ಆದರೆ ಶಾಲೆಯು ಗ್ರಾಮೀಣ ಪ್ರದೇಶದಲ್ಲಿದ್ದರೆ ಗ್ರಾಮೀಣ ಮೀಸಲಾತಿಗೆ ಮಾಧ್ಯಮವು ಅಡ್ಡಿಯಾಗುವುದಿಲ್ಲ.

ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಪತ್ರಗಳಿಗೆ ಓದಿದ ಶಾಲೆಯ ಮುಖ್ಯೋಪಾಧ್ಯಾಯರು ಹಾಗೂ ಕ್ಷೇತ್ರ ಶಿಕ್ಷಣಾಧಿಕಾರಿಗಳ ಸಹಿ ಅಗತ್ಯ. ಎರಡು ಶಾಲೆಗಳಲ್ಲಿ ಓದಿದ್ದರೆ ಎರಡೂ ಶಾಲೆಗಳಿಂದ ಪಡೆಯತಕ್ಕದ್ದು. ಬೇಸಿಗೆ ರಜೆಯಲ್ಲಿ ಶಾಲೆಗಳು ಮುಚ್ಚಿರುತ್ತವೆ. ಜೂನ್ ನಂತರ ಮಳೆ ಆರಂಭವಾಗುತ್ತದೆ. ಆದ್ದರಿಂದ ಪಿ.ಯು.ಸಿ. ಎರಡನೇ ವರ್ಷದ ಡಿಸೆಂಬರ್–ಜನವರಿಯಲ್ಲಿಯೇ ಈ ಪತ್ರಗಳನ್ನು ಪಡೆದಿಟ್ಟುಕೊಳ್ಳುವುದು ಸೂಕ್ತ.

7. ವಿದ್ಯಾರ್ಥಿವೇತನ, ವಿದ್ಯಾರ್ಥಿನಿಲಯ ಮತ್ತು ಪ್ರಯಾಣ ಸೌಲಭ್ಯ

ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಹಾಗೂ ಶುಲ್ಕ ಮರುಪಾವತಿಗೆ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದಲ್ಲಿ ಅರ್ಜಿ ಸಲ್ಲಿಸಬೇಕು. ಸಮಾಜ ಕಲ್ಯಾಣ, ಪರಿಶಿಷ್ಟ ಪಂಗಡಗಳ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ ಮತ್ತು ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಗಳು ತಮ್ಮ ತಮ್ಮ ಫಲಾನುಭವಿಗಳ ಅರ್ಜಿಗಳನ್ನು ಪರಿಶೀಲಿಸುತ್ತವೆ. ಸರ್ಕಾರಿ ವಿದ್ಯಾರ್ಥಿನಿಲಯದಲ್ಲಿ ಸ್ಥಳ ದೊರೆಯದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಊಟ ಮತ್ತು ವಸತಿ ವೆಚ್ಚಕ್ಕಾಗಿ ವಿದ್ಯಾಸಿರಿ ಯೋಜನೆ ಇದೆ. ರೈತರ ಮಕ್ಕಳಿಗಾಗಿ ರೈತ ವಿದ್ಯಾನಿಧಿ ಯೋಜನೆಯನ್ನು 2021ರಲ್ಲಿ ಆರಂಭಿಸಲಾಯಿತು.

ಮೊತ್ತವು ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೆ ಮಾತ್ರ ಜಮೆಯಾಗುತ್ತದೆ. ಎಸ್.ಎಸ್.ಎಲ್.ಸಿ. ಅಂಕಪಟ್ಟಿ, ಆಧಾರ್ ಮತ್ತು ಬ್ಯಾಂಕ್ ಪುಸ್ತಕಗಳಲ್ಲಿ ಹೆಸರು ಒಂದೇ ರೀತಿ ಇರತಕ್ಕದ್ದು. ತಂದೆಯ ಹೆಸರು, ಮನೆತನದ ಹೆಸರು ಒಂದು ದಾಖಲೆಯಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಅದನ್ನು ಅರ್ಜಿಗೆ ಮೊದಲೇ ಸರಿಪಡಿಸಿಕೊಳ್ಳುವುದು.

ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಬಸ್ಸುಗಳಲ್ಲಿ ವಿದ್ಯಾರ್ಥಿಗಳಿಗೆ ರಿಯಾಯಿತಿ ಪಾಸ್ ಲಭ್ಯ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಂತೆ ರಾಜ್ಯದ ಮಹಿಳೆಯರಿಗೆ ರಾಜ್ಯದೊಳಗಿನ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣವಿದೆ. ಕಾಲೇಜು ಆಯ್ಕೆ ಮಾಡುವಾಗ ಬೆಳಗಿನ ಮೊದಲ ಬಸ್ ಮತ್ತು ಸಂಜೆಯ ಕೊನೆಯ ಬಸ್ಸಿನ ವೇಳೆಯನ್ನು ವಿಚಾರಿಸಿಕೊಳ್ಳುವುದು ಅವಶ್ಯ. ಬಸ್ ಅನುಕೂಲವಿಲ್ಲದ ಊರಿನವರು ಕಾಲೇಜು ಪ್ರವೇಶದ ಜೊತೆಯಲ್ಲಿಯೇ ವಿದ್ಯಾರ್ಥಿನಿಲಯಕ್ಕೂ ಅರ್ಜಿ ಹಾಕತಕ್ಕದ್ದು.

8. ಯಾವ ಕೆಲಸಕ್ಕೆ ಯಾವ ಕಚೇರಿ

• ಜಾತಿ, ಆದಾಯ, ವಾಸಸ್ಥಳ ದೃಢೀಕರಣ: ಆಯಾ ತಾಲೂಕಿನ ತಹಶೀಲ್ದಾರರ ಕಚೇರಿ ಅಥವಾ ನಾಡಕಚೇರಿ.
• ಶಾಲಾ ವ್ಯಾಸಂಗ ಪತ್ರಗಳು: ಓದಿದ ಶಾಲೆ ಮತ್ತು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿ, ಮೇಲ್ಮನವಿಗೆ ಶಿರಸಿಯ ಉಪನಿರ್ದೇಶಕರು.
• ಪದವಿ ಅಂಕಪಟ್ಟಿ, ಮರುಮೌಲ್ಯಮಾಪನ, ವಲಸೆ ಪ್ರಮಾಣಪತ್ರ: ಮೊದಲು ಕಾಲೇಜಿನ ಪ್ರಾಂಶುಪಾಲರು, ಬಳಿಕ ಕರ್ನಾಟಕ ವಿಶ್ವವಿದ್ಯಾಲಯ, ಧಾರವಾಡ.
• ಸರ್ಕಾರಿ ಪದವಿ ಕಾಲೇಜುಗಳ ಬಗೆಗಿನ ದೂರು: ಕಾಲೇಜು ಶಿಕ್ಷಣ ಇಲಾಖೆಯ ಜಂಟಿ ನಿರ್ದೇಶಕರು, ಧಾರವಾಡ.
• ಎಂಜಿನಿಯರಿಂಗ್ ಪರೀಕ್ಷಾ ವಿಷಯಗಳು: ಕಾಲೇಜಿನ ಮೂಲಕ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಬೆಳಗಾವಿ.
• ಪ್ರವೇಶ ಪರೀಕ್ಷೆ ಮತ್ತು ಸೀಟು ಹಂಚಿಕೆ: ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಬೆಂಗಳೂರು.

9. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ರಾಮನಗರದ ನಾನು ಪಿ.ಯು. ಹಂತವನ್ನು ಗೋವಾದಲ್ಲಿ ಓದಿದ್ದೇನೆ. ಕರ್ನಾಟಕದ ಸರ್ಕಾರಿ ಸೀಟಿಗೆ ಅರ್ಹನೇ?
ಉತ್ತರ: 1ರಿಂದ 12ನೇ ತರಗತಿಯವರೆಗೆ ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿ, ಎಸ್.ಎಸ್.ಎಲ್.ಸಿ. ಅಥವಾ ದ್ವಿತೀಯ ಪಿ.ಯು.ಸಿ. ಪರೀಕ್ಷೆಗಳಲ್ಲಿ ಒಂದನ್ನು ಕರ್ನಾಟಕದಿಂದ ತೇರ್ಗಡೆಯಾದವರು ಅರ್ಹರು. ಆಯಾ ವರ್ಷದ ಮಾಹಿತಿ ಪುಸ್ತಕದಲ್ಲಿ ಇದನ್ನು ಪರಿಶೀಲಿಸಿಕೊಳ್ಳುವುದು.

ಪ್ರಶ್ನೆ: 371(ಜೆ) ಮೀಸಲಾತಿ ನಮಗೆ ದೊರೆಯುತ್ತದೆಯೇ?
ಉತ್ತರ: ಇಲ್ಲ. ಅದು ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಮಾತ್ರ ಅನ್ವಯಿಸುತ್ತದೆ. ಉತ್ತರ ಕನ್ನಡ ಜಿಲ್ಲೆ ಅದರಲ್ಲಿ ಸೇರಿಲ್ಲ.

ಪ್ರಶ್ನೆ: ಜೊಯಿಡಾದಲ್ಲಿ ಪದವಿ ಮುಗಿಸಿ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದಬಹುದೇ?
ಉತ್ತರ: ಓದಬಹುದು. ವಿಶ್ವವಿದ್ಯಾಲಯ ಬದಲಾಗುವುದರಿಂದ ಧಾರವಾಡದಿಂದ ವಲಸೆ ಪ್ರಮಾಣಪತ್ರ ಪಡೆಯತಕ್ಕದ್ದು.

ಪ್ರಶ್ನೆ: ಪಿ.ಯು.ಸಿ.ಯಲ್ಲಿ ಅನುತ್ತೀರ್ಣನಾದರೆ ಓದು ನಿಂತಂತೆಯೇ?
ಉತ್ತರ: ಇಲ್ಲ. ಪಿ.ಯು.ಸಿ. ಪರೀಕ್ಷೆಗೆ ಮತ್ತೆ ಕುಳಿತುಕೊಳ್ಳಬಹುದು. ಅಲ್ಲದೆ ಎಸ್.ಎಸ್.ಎಲ್.ಸಿ. ಆಧಾರದ ಮೇಲೆ ಡಿಪ್ಲೊಮಾ, ಕೈಗಾರಿಕಾ ತರಬೇತಿ ಅಥವಾ ಉಪಕರಣಾಗಾರದ ಕೋರ್ಸುಗಳಿಗೆ ಅರ್ಜಿ ಸಲ್ಲಿಸಬಹುದು.

10. ವಿಶೇಷ ಸೂಚನೆ

ಅರ್ಜಿ ಸಲ್ಲಿಕೆಯ ಅವಧಿಯು ಬಹುಪಾಲು ಮಳೆಗಾಲದಲ್ಲಿಯೇ ಬರುವುದರಿಂದ, ಜೊಯಿಡಾ ತಾಲೂಕಿನ ಒಳಭಾಗದ ಗ್ರಾಮಗಳ ಅರ್ಜಿದಾರರು ಕೊನೆಯ ದಿನದವರೆಗೆ ಕಾಯಬಾರದು. ಎಲ್ಲ ಮೂಲ ದಾಖಲೆಗಳನ್ನು, ಪ್ರತಿಯೊಂದರ ಎರಡು ನೆರಳಚ್ಚು ಪ್ರತಿಗಳೊಂದಿಗೆ, ನೀರು ತಾಗದಂತೆ ಒಂದೇ ಕಡೆ ಇರಿಸಿಕೊಳ್ಳುವುದು. ಸಲ್ಲಿಸಿದ ಪ್ರತಿಯೊಂದು ಅರ್ಜಿಗೂ ಸ್ವೀಕೃತಿ ಪಡೆದು ಜೋಪಾನವಾಗಿಡುವುದು.

ಈ ಮಾಹಿತಿಯು ಸಾರ್ವಜನಿಕರ ಮಾರ್ಗದರ್ಶನಕ್ಕಾಗಿ ಮಾತ್ರ. ಶುಲ್ಕ, ದಿನಾಂಕ ಮತ್ತು ಸೀಟುಗಳ ಸಂಖ್ಯೆ ಪ್ರತಿವರ್ಷ ಬದಲಾಗಬಹುದಾದ ಕಾರಣ, ಆಯಾ ಸಾಲಿನ ಅಧಿಸೂಚನೆಯೇ ಅಂತಿಮವಾಗಿರುತ್ತದೆ. ಯಾವುದೇ ಸಂದೇಹವಿದ್ದಲ್ಲಿ ಸಮೀಪದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಪ್ರಾಂಶುಪಾಲರನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಲು ಕೋರಲಾಗಿದೆ.